ಲೆನಿನ್‌ಗ್ರಾಡಿನ ಕತೆ ಬರೆಯುತ್ತಿರುವ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕರಡು ಎರಡು ಸಲ ಓದಿದೆ. 1941ರ ಚಳಿಗಾಲ, ರಷ್ಯಾದ ಲೆನಿನ್‌ಗ್ರಾಡು (ಈಗಿನ ಸೇಂಟ್ ಪೀಟರ್ಸ್‌ಬರ್ಗ್), ಟೀಚರ್ ಕೆಲಸದ ತಾಯಿ, ಒಂಬತ್ತು ವರ್ಷದ ಮಗ, ಒಬ್ಬಳು ಅಜ್ಜಿ. ಆಯ್ಕೆ ಚೆನ್ನಾಗಿದೆ. ಆದರೆ ಮೊದಲ ಎರಡು ಪುಟ ಜರ್ಮನ್ ಸೇನೆ ಎಲ್ಲೆಲ್ಲಿತ್ತು ಎನ್ನುವುದಕ್ಕೇ ಹೋಗಿದೆ. ಅವನ್ನು ಪೂರ್ತಿ ತೆಗೆ. ಆ ಮನೆಯವರು ಯುದ್ಧವನ್ನು ಅಳೆಯುತ್ತಿದ್ದದ್ದು ಬ್ರೆಡ್ಡಿನ ತೂಕದಲ್ಲಿ. ನಿನ್ನ ಕತೆಯೂ ಆ ತಕ್ಕಡಿಯ ಮುಂದೆಯೇ ಶುರುವಾಗಲಿ.

ಸೆಪ್ಟೆಂಬರ್ 8ಕ್ಕೆ ಜರ್ಮನ್ ಮುತ್ತಿಗೆಯಿಂದ ನಗರಕ್ಕೆ ನೆಲದ ದಾರಿ ಮುಚ್ಚಿತು. ಪಡಿತರ ಒಮ್ಮೆಲೇ ಕುಸಿಯಲಿಲ್ಲ. ನವೆಂಬರ್ ಮುಗಿಯುವುದರೊಳಗೆ ಐದು ಸಲ ಇಳಿಸಿದರು. ನವೆಂಬರ್ 20ರಿಂದ ದಿನಕ್ಕೆ ಕಾರ್ಮಿಕರಿಗೆ 250 ಗ್ರಾಂ. ಕಚೇರಿ ನೌಕರರು, ಆಶ್ರಿತರು, ಮಕ್ಕಳಿಗೆ 125 ಗ್ರಾಂ. ನಮ್ಮಲ್ಲಿ ರೇಷನ್ ಕಾರ್ಡು ಮನೆಗೊಂದು. ಅಲ್ಲಿ ತಲೆಗೊಂದು. ಇದನ್ನು ನೀನು ಗಮನಿಸಿಲ್ಲ, ಕತೆಯ ಬೇರು ಇರುವುದು ಇಲ್ಲೇ. ಟೀಚರಾಗಿದ್ದಷ್ಟು ದಿನ ತಾಯಿಗೆ 125. ಮೂವರದ್ದೂ ಸೇರಿದರೆ 375. ಕಾರ್ಖಾನೆಗೆ ಸೇರಿದರೆ ಅವಳೊಬ್ಬಳದ್ದೇ 250, ಮನೆಗೆ 500. ಆದರೆ ಟ್ರಾಮ್ ನಿಂತಿದೆ, ಕಾರ್ಖಾನೆಗೆ ನಡೆದೇ ಹೋಗಬೇಕು, ಹೆಚ್ಚಿಗೆ ಸಿಕ್ಕ ಬ್ರೆಡ್ಡು ಆ ನಡಿಗೆಗೇ ಸಾಲದಿರಬಹುದು. ಈ ಲೆಕ್ಕವನ್ನು ಅವಳು ರಾತ್ರಿ ಮಲಗಿ ಹಾಕಲಿ. ನೀನು ಬರೆದಿರುವ ಕಣ್ಣೀರಿನ ಪ್ಯಾರಾ ಆಮೇಲೆ ಬೇಕಾಗುವುದಿಲ್ಲ.

ಕಾರ್ಡು ತಿಂಗಳಿಗೊಂದು. ಅಂಗಡಿಯವಳು ಆ ದಿನದ ಚೀಟಿಯನ್ನು ಕತ್ತರಿಯಲ್ಲಿ ಕತ್ತರಿಸಿಕೊಂಡು ಬ್ರೆಡ್ಡು ತೂಗುತ್ತಾಳೆ. ಕಳೆದುಹೋದರೆ ಇನ್ನೊಂದು ಸಿಗುವ ಭರವಸೆ ಇಲ್ಲ. ಮನೆಯಲ್ಲಿ ಸತ್ತವರ ಸುದ್ದಿಯನ್ನು ತಿಂಗಳ ಕೊನೆಯವರೆಗೆ ಮುಚ್ಚಿಟ್ಟವರಿದ್ದರು, ಆ ಕಾರ್ಡಿನ ಬ್ರೆಡ್ಡಿಗಾಗಿ. ಅಜ್ಜಿ ತೀರಿಕೊಳ್ಳುವುದನ್ನು ನೀನು ಡಿಸೆಂಬರ್ 30ಕ್ಕೆ ಇಟ್ಟಿದ್ದೀಯ. 3ಕ್ಕೆ ತಂದು ನೋಡು, ತಾಯಿ ಏನು ಮಾಡುತ್ತಾಳೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅವಳನ್ನು ಒಳ್ಳೆಯವಳು, ಕೆಟ್ಟವಳು ಎಂದು ತೀರ್ಪು ಕೊಡಬೇಡ ಮಗಳೇ.

ಹುಡುಗ ಮೆತ್ತನೆಯ ಬಿಸಿ ಬ್ರೆಡ್ಡು ಮುರಿಯುವ ಸಾಲು ಸುಳ್ಳು. ಅದರಲ್ಲಿ ರೈ ಧಾನ್ಯದ ಹಿಟ್ಟಿನ ಜೊತೆ ದನಕ್ಕೆ ಹಾಕುವಂಥ ಎಣ್ಣೆ ಹಿಂಡಿ, ಮರದಿಂದ ತೆಗೆದ ಸೆಲ್ಯುಲೋಸ್ ಸೇರಿರುತ್ತಿತ್ತು. ನೀರು ಹೆಚ್ಚು, ಹಾಗಾಗಿ ತೂಕ ಜಾಸ್ತಿ, ತುಂಡು ಚಿಕ್ಕದು. ತೂಕ ಸರಿಹೊಂದಿಸಲು ಮೇಲೊಂದು ಚೂರು ಇಡುತ್ತಿದ್ದರು. ರಷ್ಯನ್ನರು ಅದಕ್ಕೆ ದವೇಸಕ್ ಎನ್ನುತ್ತಾರೆ. ಅದನ್ನು ‘ಕೊಸರು’ ಎಂದು ಬರೆದಿದ್ದೀಯ. ಕೊಸರು ತೂಕದ ಮೇಲೆ ಬರುವುದು, ಇದು ತೂಕದ ಒಳಗಿನದು. ಹುಡುಗ ದಾರಿಯಲ್ಲಿ ಅದನ್ನು ಬಾಯಿಗೆ ಹಾಕಿಕೊಂಡರೆ ಮನೆಯ ಪಾಲು ಅಷ್ಟು ಕಡಿಮೆ. ಕತೆಯಲ್ಲಿ ಅವನು ಹೊಸಿಲು ದಾಟುವಾಗ ಆ ಚೂರು ಎಲ್ಲಿದೆ ಎಂದು ಓದುಗರಿಗೆ ಗೊತ್ತಿರಲಿ.

ಚಹಾಕ್ಕೆ ನೀರು ಕಾಯಿಸುವ ಸಮೋವಾರ್ ಬಿಡು. ಇರಬೇಕಾದದ್ದು ಬುರ್ಝುಯ್ಕಾ, ತೆಳು ಕಬ್ಬಿಣದ ಪುಟ್ಟ ಒಲೆ. ಹೊಗೆಕೊಳವೆ ಕಿಟಕಿಯಿಂದ ಹೊರಕ್ಕೆ. ಉರಿಯುವಾಗ ಮಾತ್ರ ಬಿಸಿ, ಆರಿದ ಸ್ವಲ್ಪ ಹೊತ್ತಿಗೇ ಕಬ್ಬಿಣ ತಣ್ಣಗಾಗುತ್ತದೆ. ಅದಕ್ಕೇ ಮನೆಯವರೆಲ್ಲ ಒಂದೇ ಕೋಣೆಗೆ ಸೇರುತ್ತಾರೆ, ಕುರ್ಚಿ, ಪುಸ್ತಕ ಒಂದೊಂದಾಗಿ ಒಲೆಗೆ ಹೋಗುತ್ತವೆ. ಟೀಚರಮ್ಮ ಯಾವ ಪುಸ್ತಕವನ್ನು ಕೊನೆಗೆ ಉಳಿಸಿಕೊಂಡಳು ಎಂದು ನೀನೇ ತೀರ್ಮಾನಿಸು. ನಲ್ಲಿ ಹೆಪ್ಪುಗಟ್ಟಿರುವುದರಿಂದ ನೇವಾ ನದಿಯ ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ ನೀರು, ಮಕ್ಕಳ ಜಾರುಬಂಡಿಯ ಮೇಲೆ ಕೊಡಪಾನ. ತುಳುಕಿದ ನೀರು ಮೆಟ್ಟಿಲ ಮೇಲೆ ಹೆಪ್ಪುಗಟ್ಟಿ ಮುಂದೆ ಬರುವವರನ್ನು ಬೀಳಿಸುತ್ತದೆ. ಡಿಸೆಂಬರ್ ಕೊನೆಯಲ್ಲಿ ಹಗಲು ಆರು ಗಂಟೆಯೂ ಇಲ್ಲ. ನೀನು ಬೆಳಗಿನ ಕ್ಯೂಗೆ ಬಿಸಿಲು ಹಾಕಿದ್ದೀಯ, ಕತ್ತಲೆ ಮಾಡು. ಗೋಡೆಯ ರೇಡಿಯೋದಲ್ಲಿ ಮೆಟ್ರೊನೋಮ್, ಅಂದರೆ ತಾಳ ಹಾಕುವ ಯಂತ್ರ, ಟಿಕ್ ಟಿಕ್ ಎನ್ನುತ್ತಿರಲಿ: ನಿಧಾನವಾದರೆ ಸದ್ಯಕ್ಕೆ ಅಪಾಯವಿಲ್ಲ, ಬಿರುಸಾದರೆ ದಾಳಿ.

ಮಾತುಕತೆಯಲ್ಲಿ ಕನ್ನಡಕ್ಕೊಂದು ಅನುಕೂಲ ಇದೆ. ರಷ್ಯನ್ನಲ್ಲೂ ನಮ್ಮ ಹಾಗೆ ‘ನೀನು’, ‘ನೀವು’ ಬೇರೆ ಬೇರೆ. ಇಂಗ್ಲಿಷ್ ಪುಸ್ತಕ ಓದಿ ಬರೆದದ್ದರಿಂದ ನಿನ್ನ ಕರಡಿನಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರೆ. ಪಕ್ಕದ ಕೋಣೆಯ ಹಿರಿಯ ಹೆಂಗಸಿಗೆ ತಾಯಿ ‘ನೀವು’ ಎನ್ನಲಿ, ಬರೀ ಅನ್ನಾ ಎನ್ನದೆ ತಂದೆಯ ಹೆಸರು ಸೇರಿಸಿ ಅನ್ನಾ ಇವಾನೊವ್ನಾ ಎಂದು ಕರೆಯಲಿ. ಮಗ ಅಜ್ಜಿಯನ್ನು ‘ಅಜ್ಜಿ’ ಎಂದರೆ ಸಾಕು, ಬಾಬುಷ್ಕಾ ಬೇಡ.

ಯಾರ ಬಾಯಲ್ಲೂ ಮುಂದಾಗುವುದನ್ನು ಹೇಳಿಸಬೇಡ. ಮುತ್ತಿಗೆ 1944ರ ಜನವರಿ 27ಕ್ಕೆ ಪೂರ್ತಿ ತೆರವಾಯಿತು ಎಂದು ನಿನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ.

ಕೊನೆಯ ದೃಶ್ಯದ ಬಗ್ಗೆ. ಡಿಸೆಂಬರ್ 25ಕ್ಕೆ ಪಡಿತರ ಏರಿದ್ದು ನಿಜ, ಕಾರ್ಮಿಕರಿಗೆ 350, ಉಳಿದವರಿಗೆ 200 ಗ್ರಾಂ. ಅಂಗಡಿಯಲ್ಲೇ ಸುದ್ದಿ ತಿಳಿದು ಜನ ಅತ್ತರು, ತಬ್ಬಿಕೊಂಡರು. ಅಲ್ಲಿಗೆ ಕತೆ ನಿಲ್ಲಿಸಿದರೆ ಓದುವವರಿಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ಅತಿ ಹೆಚ್ಚು ಜನ ಸತ್ತದ್ದು ಅದಾದ ಮೇಲೆ, ಜನವರಿ, ಫೆಬ್ರವರಿಯಲ್ಲಿ. ಆದ್ದರಿಂದ ಅಂಗಡಿಯಲ್ಲಿ ನಿಲ್ಲಿಸದೆ ತಾಯಿಯನ್ನು ಮನೆಗೆ ಕರೆದುಕೊಂಡು ಬಾ. ಅವಳು 200 ಗ್ರಾಂ ತುಂಡುಗಳನ್ನು ಮೇಜಿನ ಮೇಲಿಟ್ಟು, ಇವತ್ತಿಗೆಷ್ಟು, ನಾಳೆಗೆಷ್ಟು ಎಂದು ಕೊಯ್ಯಲಿ.

ತಿದ್ದಿದ ಮೇಲೆ ಕಳಿಸು, ಕಾಯುತ್ತಿರುತ್ತೇನೆ. ಅಕ್ಕನಿಗೆ, ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ಮಾವ