ಭಾನುವಾರದ ಇಂಗ್ಲಿಷ್ ಅಭ್ಯಾಸ: ‘ಹಿಮ್’ ಬರೆಯಬೇಕಾ, ‘ಹಿಸ್’ ಬರೆಯಬೇಕಾ?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಸೇರೋಣ. ಪತ್ರ ಬರೆಯುವ ಅಭ್ಯಾಸಕ್ಕೆ ಹೆಸರು ಕೊಟ್ಟವರೆಲ್ಲ ದಯವಿಟ್ಟು ಬನ್ನಿ. ಆಲೂರು, ಸಕಲೇಶಪುರದಿಂದ ಬರುವವರಿಗೆ ಸ್ವಲ್ಪ ತಡವಾದರೂ ಪರವಾಗಿಲ್ಲ.

ಕಳೆದ ವಾರದ ಪತ್ರಗಳಲ್ಲಿ ಒಂದೇ ತೊಡಕು ಜಾಸ್ತಿ ಕಂಡಿತು. ಕ್ರಿಯಾಪದಕ್ಕೆ ‘ಇಂಗ್’ ಸೇರಿ ಅದು ನಾಮಪದದ ಕೆಲಸ ಮಾಡುವಾಗ, ಅದಕ್ಕೂ ಮೊದಲು ಯಾವ ಸರ್ವನಾಮ ಹಾಕಬೇಕು? ‘ಡು ಯು ಮೈಂಡ್ ಮಿ ಸಿಟಿಂಗ್ ಹಿಯರ್’ ಅನ್ನುವುದು ಮಾತಿನಲ್ಲಿ ತಪ್ಪಲ್ಲ. ಇಂಗ್ಲಿಷ್ ಮನೆಮಾತಿನವರೇ ಹಾಗೆ ಹೇಳುತ್ತಾರೆ. ಅರ್ಜಿ, ಕಚೇರಿ ಪತ್ರಗಳಲ್ಲಿ ‘ಮೈ ಸಿಟಿಂಗ್’ ಚೆನ್ನ. ವಾಕ್ಯದ ಶುರುವಿನಲ್ಲಂತೂ ‘ಹಿಸ್ ಕಮಿಂಗ್ ಲೇಟ್’ ಅಂತಲೇ ಬರೆಯಿರಿ.

ಆದರೆ ‘ಐ ಸಾ ಹಿಮ್ ರನಿಂಗ್’ ಅನ್ನುವಲ್ಲಿ ‘ಹಿಸ್’ ಬೇಡ. ನಾವು ನೋಡಿದ್ದು ಅವನನ್ನು, ಅವನು ಓಡುತ್ತಿದ್ದ. ‘ಸೀ’ (ನೋಡು), ‘ಹಿಯರ್’ (ಕೇಳಿಸಿಕೊ) ಜೊತೆ ಸಾಮಾನ್ಯವಾಗಿ ಹೀಗೇ.

ನಮಗೆ ಇದು ತೊಡಕಾಗುವುದು ಸಹಜ. ಕನ್ನಡದಲ್ಲಿ ‘ಅವನು ಬಂದದ್ದು’ ಅಂದರೆ ಮುಗಿಯಿತು. ‘ಅವನ ಬರುವಿಕೆ’ ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಅಲ್ವಾ?

ಬರುವಾಗ ನಿಮ್ಮ ಪತ್ರ ತನ್ನಿ. ಅದಕ್ಕೂ ಮೊದಲು, ಶುಕ್ರವಾರ ರಾತ್ರಿಯೊಳಗೆ ಇಂಥ ಮೂರು ವಾಕ್ಯ ಬರೆದು ಇಲ್ಲೇ ಹಾಕಿ. ತಪ್ಪಾದೀತು ಅಂತ ಸುಮ್ನೆ ಇರಬೇಡಿ, ಆ ತಪ್ಪುಗಳಿಂದಲೇ ಭಾನುವಾರ ಶುರು ಮಾಡುತ್ತೇವೆ. ಬರುವವರು ‘ಬರ್ತೀನಿ’ ಅಂತ ತಿಳಿಸಿ, ಎಷ್ಟು ಜೆರಾಕ್ಸ್ ತೆಗೆಸಬೇಕು ಅಂತ ಗೊತ್ತಾಗುತ್ತದೆ.