ಕಾಮಿಕ್ಸ್‌ನಲ್ಲಿ ಪ್ರೀತಿ ಇದೆ, ಆಫೀಸೇ ಇಲ್ಲ

ಸಂಪಾದಕರಿಗೆ ನಮಸ್ಕಾರ.

ನನ್ನ ತಂಗಿ ಮಗಳು ಕೆಲಸಕ್ಕೆ ಅಂತ ಮೈಸೂರಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಆಫೀಸು. ರಾತ್ರಿ ಊಟ ಆದ ಮೇಲೆ ಮೊಬೈಲ್ ಹಿಡಿದು ಕೂತರೆ ಓದುವುದು ಕೊರಿಯಾ, ಜಪಾನಿನ ಕಾಮಿಕ್ಸ್. ಅದರಲ್ಲೂ ಆಫೀಸಿನ ಪ್ರೇಮಕಥೆಗಳು. "ದೊಡ್ಡಮ್ಮ, ನೀವೂ ಓದಿ, ನಿಮ್ದೂ ಆಫೀಸ್ ಲವ್ವೇ ಅಲ್ವಾ" ಅಂತ ನನಗೂ ರುಚಿ ಹತ್ತಿಸಿದಳು. ಮೂರು ತಿಂಗಳಲ್ಲಿ ಏಳೆಂಟು ಕಥೆ ಓದಿದೆ. ಇಷ್ಟಪಟ್ಟೇ ಓದಿದೆ. ಆದರೆ ದುಡಿದು ಬದುಕುವ ಇಬ್ಬರು ದೊಡ್ಡವರ ಸಂಬಂಧ ಇವುಗಳಲ್ಲಿ ನಂಬುವ ಹಾಗೆ ಬಂದಿದೆಯಾ ಅಂತ ಕೇಳಿದರೆ, ಹೆಚ್ಚಿನವುಗಳಲ್ಲಿ ಬಂದಿಲ್ಲ. ಪ್ರೀತಿಯನ್ನು ಚೆನ್ನಾಗಿಯೇ ಬರೆಯುತ್ತಾರೆ. ಆಫೀಸನ್ನು ಬರೆಯುವುದೇ ಇಲ್ಲ.

ನನ್ನದನ್ನೇ ಹೇಳುತ್ತೇನೆ. ನಾನು ಅಕೌಂಟ್ಸ್‌ನಲ್ಲಿದ್ದೆ, ನಮ್ಮ ಮನೆಯವರು ಸ್ಟೋರ್ಸ್‌ನಲ್ಲಿ. ಅವರ ಬಿಲ್ಲುಗಳೆಲ್ಲ ನನ್ನ ಟೇಬಲ್ಲಿಗೇ ಬರಬೇಕು. ಒಂದೂವರೆ ವರ್ಷ ಯಾರಿಗೂ ಗೊತ್ತಾಗದ ಹಾಗೆ ಇದ್ದೆವು. ಸಂಜೆ ನಾನು ಐದೂವರೆಗೆ ಹೊರಟರೆ ಅವರು ಬೇಕಂತಲೇ ಇಪ್ಪತ್ತು ನಿಮಿಷ ತಡ ಮಾಡುತ್ತಿದ್ದರು. ನಾನು ಒಂದು ಬಸ್ ಸ್ಟಾಪ್ ದಾಟಿ ಮುಂದೆ ಹೋಗಿ ಕಾಯುತ್ತಾ ನಿಂತಿರುತ್ತಿದ್ದೆ. ಮದುವೆ ಗೊತ್ತಾದ ಮೇಲೆ ಮ್ಯಾನೇಜರಿಗೆ ಹೇಳಿದೆವು. ಅವರು ಎಲ್ಲರಿಗೂ ಸ್ವೀಟ್ ತರಿಸಿದರು. ಮರುವಾರ ಒಂದು ಆರ್ಡರ್ ಬಂತು. ಗಂಡ ಕಳಿಸಿದ ಬಿಲ್ಲನ್ನು ಹೆಂಡತಿ ಪಾಸ್ ಮಾಡುವ ಹಾಗಿಲ್ಲ, ಒಬ್ಬರು ಬೇರೆ ಸೆಕ್ಷನ್ನಿಗೆ ಹೋಗಬೇಕು ಅಂತ. ಅದು ಸರಿಯಾದ ಮಾತೇ. ಆದರೆ ಆ ಒಬ್ಬರು ಯಾರು ಅಂತ ಯಾರೂ ಕೇಳಲಿಲ್ಲ. ಡಿಸ್‌ಪ್ಯಾಚ್‌ನ ಕಿಟಕಿ ಇಲ್ಲದ ಮೂಲೆಗೆ ಹೋಗಿದ್ದು ನನ್ನ ಕುರ್ಚಿ. ಆರು ವರ್ಷ ಕಲಿತ ಲೆಕ್ಕದ ಕೆಲಸ ಬಿಟ್ಟು ಕವರುಗಳಿಗೆ ನಂಬರ್ ಹಾಕುತ್ತಾ ಕೂತೆ. "ನಾನು ಹೋಗಲಾ?" ಅಂತ ಇವರೂ ಒಂದು ಮಾತು ಕೇಳಲಿಲ್ಲ. ಮದುವೆಗೆ ಇನ್ನು ಇಪ್ಪತ್ತು ದಿನ. ಹತ್ತು ದಿನ ಮಾತು ಬಿಟ್ಟೆ. ಹನ್ನೊಂದನೇ ದಿನ ಇವರು ಡಿಸ್‌ಪ್ಯಾಚಿಗೆ ಬಂದು, ಅಟೆಂಡರ್ ಎದುರೇ, "ತಪ್ಪಾಯ್ತು, ನನಗೆ ಹೊಳೀಲೇ ಇಲ್ಲ" ಅಂದರು. ಇವರನ್ನು ಮದುವೆಯಾಗಬಹುದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಅವತ್ತೇ.

ಇಂಥ ಹತ್ತು ದಿನ ನಾನು ಓದಿದ ಯಾವ ಕಾಮಿಕ್ಸ್‌ನಲ್ಲೂ ಸಿಗಲಿಲ್ಲ. ಇಬ್ಬರೂ ಒಪ್ಪಿಕೊಂಡರು ಅನ್ನುವಲ್ಲಿಗೆ ಕಥೆ ನಿಂತುಬಿಡುತ್ತದೆ. ಯಾರ ಕೆಲಸಕ್ಕೆ ಪೆಟ್ಟು ಬಿತ್ತು, ಯಾರ ಪ್ರಮೋಷನ್ ತಪ್ಪಿತು ಅನ್ನುವುದು ಬರುವುದೇ ಇಲ್ಲ.

ನನಗೆ ಜಾಸ್ತಿ ಬೇಸರ ತರುವುದು ಬಾಸ್ ಕಥೆಗಳು. ತಂಗಿ ಮಗಳಿಗೆ ಅಚ್ಚುಮೆಚ್ಚು 'ವಾಟ್ಸ್ ರಾಂಗ್ ವಿತ್ ಸೆಕ್ರೆಟರಿ ಕಿಮ್'. 2018ರಲ್ಲಿ ಟಿವಿ ಧಾರಾವಾಹಿಯೂ ಆಯಿತು. ಒಂಬತ್ತು ವರ್ಷ ವೈಸ್ ಚೇರ್ಮನ್ ಹತ್ತಿರ ಸೆಕ್ರೆಟರಿಯಾಗಿದ್ದವಳು ಒಂದು ದಿನ ಕೆಲಸ ಬಿಡುತ್ತೇನೆ ಅನ್ನುತ್ತಾಳೆ. ಆ ಶುರು ನನ್ನ ಮನಸ್ಸಿಗೆ ನಾಟಿತು. ಇನ್ನೊಬ್ಬರ ಕೆಲಸವನ್ನೇ ಹೊತ್ತು ತಿರುಗಿದವಳಿಗೆ ತನ್ನದು ಅಂತ ಒಂದು ಬದುಕು ಬೇಕು ಅನ್ನಿಸುತ್ತದಲ್ಲ, ಅದು ನಿಜ. ಆದರೆ ಆಮೇಲೆ ಅವಳನ್ನು ಬಯಸುವವನು ಅವಳ ಮೇಲಿನವನೇ. ಅವಳು ಒಲ್ಲೆ ಅಂದಿದ್ದರೆ ಏನಾಗುತ್ತಿತ್ತು? ಅವನ ಚೆಲುವು, ದುಡ್ಡು ನೋಡುತ್ತಾ ನೋಡುತ್ತಾ ಓದುವವರಿಗೆ ಆ ಪ್ರಶ್ನೆಯೇ ಮರೆತುಹೋಗುತ್ತದೆ.

ಇನ್ನು ಹುಡುಗಿಯ ಎದುರು ಗೋಡೆಗೆ ಧಪ್ ಅಂತ ಕೈ ಊರಿ ದಾರಿ ಕಟ್ಟುವುದು. ಜಪಾನಿನಲ್ಲಿ ಇದಕ್ಕೆ 'ಕಬೆದೋನ್' ಅಂತ ಹೆಸರೇ ಇದೆ. ಚಿತ್ರದಲ್ಲಿ ಅದು ಪ್ರೀತಿ. ನಿಜವಾದ ಆಫೀಸಿನಲ್ಲಿ, ಅವಳಿಗೆ ಬೇಡದಿದ್ದರೆ, ಅದು ದೂರು ಕೊಡುವಂಥ ವಿಷಯ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪು ಕೊಟ್ಟಿತು, 2013ರಲ್ಲಿ ಕಾನೂನೇ ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಹೆಂಗಸೇ ಮುಖ್ಯಸ್ಥೆ. ಸಾಮಾನ್ಯವಾಗಿ 3 ತಿಂಗಳ ಒಳಗೆ ದೂರು ಕೊಡಬೇಕು. ನಿಮ್ಮಲ್ಲಿ ಸಮಿತಿ ಇದೆಯೇನಮ್ಮ ಅಂತ ತಂಗಿ ಮಗಳನ್ನು ಕೇಳಿದೆ. ಗೊತ್ತಿರಲಿಲ್ಲ. ಮರುದಿನ ಹುಡುಕಿಕೊಂಡು ಬಂದಳು. ಕ್ಯಾಂಟೀನ್ ಗೋಡೆಯಲ್ಲಿ ಹೆಸರುಗಳನ್ನು ಹಾಕಿದ್ದಾರಂತೆ, ಎದುರಿಗೆ ನೀರಿನ ಫಿಲ್ಟರ್ ಇಟ್ಟಿರುವುದರಿಂದ ಅರ್ಧ ಕಾಣುವುದಿಲ್ಲವಂತೆ.

ಕಾಮಿಕ್ಸ್ ಕಾನೂನು ಪಾಠ ಮಾಡಲಿ ಅಂತ ನಾನು ಕೇಳುತ್ತಿಲ್ಲ. ಒಳ್ಳೆಯವೂ ಇವೆ. ಜಪಾನಿನ 'ವೋಟಾಕೋಯ್' ಅಂಥದ್ದು. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಯಾಗಿಯೂ 2018ರಲ್ಲಿ 11 ಕಂತು ಬಂತು. ಹೊಸ ಕಂಪನಿ ಸೇರಿದ ನರುಮಿಗೆ ಅಲ್ಲಿ ಬಾಲ್ಯದ ಗೆಳೆಯ ಹಿರೋತಾಕ ಸಿಗುತ್ತಾನೆ. ನನಗೆ ಹಿಡಿಸಿದ್ದು ಮಾತ್ರ ಅದೇ ಆಫೀಸಿನ ಇನ್ನೊಂದು ಜೋಡಿ, ಹೈಸ್ಕೂಲಿನಿಂದ ಪರಿಚಯವಿದ್ದವರು. ಮಾತೆತ್ತಿದರೆ ಜಗಳ, ಆದರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ. ಅವರ ಜಗಳ ಓದುವಾಗ ನಮ್ಮ ಅಡುಗೆಮನೆಯೇ ಕಣ್ಣ ಮುಂದೆ ಬಂತು.

ಕೊರಿಯಾದ ವೆಬ್‌ಟೂನ್‌ಗಳಲ್ಲಿ, ಅಂದರೆ ಮೊಬೈಲಿನಲ್ಲಿ ಓದುವ ಕಾಮಿಕ್ಸ್‌ನಲ್ಲಿ, ಇನ್ನೊಂದು ಚಂದ ಇದೆ. ಪುಟ ತಿರುಗಿಸುವ ಹಾಗಿಲ್ಲ, ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗಬೇಕು. ಒಂದು ಕಥೆಯಲ್ಲಿ ಅವಳು ಮೆಸೇಜ್ ಕಳಿಸುತ್ತಾಳೆ. ಕೆಳಗೆ ಬರೀ ಬಿಳಿ ಜಾಗ. ತಳ್ಳಿದಷ್ಟೂ ಬಿಳಿ. ಆಮೇಲೆ ಸುಮ್ನೆ ಮೇಜಿನ ಮೇಲೆ ಬಿದ್ದಿರುವ ಫೋನು. ಬಸ್ ಸ್ಟಾಪಿನಲ್ಲಿ ನಾನು ಕಾದ ಇಪ್ಪತ್ತು ನಿಮಿಷ ಹಾಗೇ ಇತ್ತು. ಇಷ್ಟು ಕೈಚಳಕ ಇರುವವರು ಆ ಕುರ್ಚಿಯ ಕಥೆಯನ್ನೂ ಹೇಳಬಲ್ಲರು ಅಂತಲೇ ನನಗೆ ಹೊಟ್ಟೆ ಉರಿಯುವುದು.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ನಮ್ಮೂರಿನ ಕಾವಾ ಕಲಾ ಕಾಲೇಜಿನಲ್ಲಿ ಚಿತ್ರ ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಭಾನುವಾರದ ಪುರವಣಿಯಲ್ಲಿ ಅವರಿಗೆ ಅರ್ಧ ಪುಟ ಬಿಡಿ. ಹೂಟಗಳ್ಳಿಯ ಶಿಫ್ಟ್ ಬಸ್ಸಿನಲ್ಲಿ, ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುವವರ ನಡುವೆ ಇಂಥ ಜೋಡಿಗಳು ಬೇಕಾದಷ್ಟಿವೆ. ಅವರ ಕಥೆ ಕನ್ನಡದಲ್ಲಿ ಬರಲಿ. ಮೊದಲನೆಯದಕ್ಕೆ ನನ್ನ ಡಿಸ್‌ಪ್ಯಾಚ್ ಮೂಲೆಯನ್ನು ಬಳಸಿಕೊಳ್ಳಬಹುದು, ನಮ್ಮ ಮನೆಯವರೂ ಒಪ್ಪಿದ್ದಾರೆ.

ಇತಿ,
ನಿಮ್ಮ ಓದುಗಳೊಬ್ಬಳು
ಕುವೆಂಪುನಗರ, ಮೈಸೂರು