ಗಡ್ಡೆಯ ಜೊತೆ ಬೊಜ್ಜಿನತ್ತಲೂ ಗಮನ ಬೇಕು

ಮಾನ್ಯರೇ,

ಮಧುಮೇಹ, ರಕ್ತದೊತ್ತಡ, ಬೊಜ್ಜು ಮೂರೂ ಇರುವವರಲ್ಲಿ ಯಕೃತ್ತಿನ ಕ್ಯಾನ್ಸರ್ ಗಡ್ಡೆ ತೆಗೆಯುವಾಗಲೇ ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದೇ ಎಂಬ ಚರ್ಚೆ ನಮ್ಮ ಭಾಗದಲ್ಲೂ ನಡೆಯಬೇಕಿದೆ. ಗಡ್ಡೆಯನ್ನಷ್ಟೇ ತೆಗೆದರೆ ಕೊಬ್ಬು ತುಂಬಿದ ಯಕೃತ್ತು ಹಾಗೆಯೇ ಉಳಿಯುತ್ತದೆ; ಇನ್ನೊಂದು ಗಡ್ಡೆಗೆ ಅಲ್ಲಿ ನೆಲ ಹದವಾಗಿಯೇ ಇರುತ್ತದೆ. ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ಕೊಳವೆಯಂತೆ ಉಳಿಸುವ ‘ಸ್ಲೀವ್’ ವಿಧಾನ ತೂಕ, ಸಕ್ಕರೆ, ಯಕೃತ್ತಿನ ಕೊಬ್ಬು ಮೂರನ್ನೂ ತಗ್ಗಿಸುತ್ತದೆ. ಜಠರದ ಬಹುಭಾಗವನ್ನು ಬದಿಗಿಟ್ಟು ಆಹಾರವನ್ನು ನೇರ ಸಣ್ಣ ಕರುಳಿಗೆ ಹರಿಸುವ ‘ಬೈಪಾಸ್’ಗಿಂತ ಇದೇ ಇಲ್ಲಿ ಹೊಂದುತ್ತದೆ. ಯಕೃತ್ತು ಕತ್ತರಿಸಿದ ಮೇಲೆ ಪಿತ್ತರಸ ಸೋರಿದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತಲುಪುವ ದಾರಿ ಸ್ಲೀವ್‌ನಲ್ಲಿ ಮುಚ್ಚುವುದಿಲ್ಲ.

ಹಾಗೆಂದು ಇದು ಎಲ್ಲರಿಗೂ ಸಲ್ಲದು. ಸಿರೋಸಿಸ್‌ನಿಂದ (ಯಕೃತ್ತು ಕಲೆಗಟ್ಟಿ ಗಡುಸಾಗುವುದು) ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದು, ಜಠರದ ರಕ್ತನಾಳಗಳು ಉಬ್ಬಿದ್ದರೆ ಕತ್ತರಿಸಿದ ಜಠರವನ್ನು ಮುಚ್ಚಲು ಸ್ಟೇಪಲ್ (ಲೋಹದ ಪಿನ್ನು) ಹಾಕಿದ ಅಂಚಿನಲ್ಲೇ ರಕ್ತಸ್ರಾವದ ಅಪಾಯವಿದೆ. ಸಿರೋಸಿಸ್ ಇದ್ದವರಲ್ಲಿ ಯಕೃತ್ತಿನ ಕನಿಷ್ಠ ಶೇ 40ರಷ್ಟು ಉಳಿಯಬೇಕು. ದೊಡ್ಡ ಭಾಗ ತೆಗೆಯಬೇಕಾದವರಿಗೆ ಎರಡನ್ನೂ ಒಂದೇ ದಿನ ಮಾಡುವುದು ದುಡುಕು. ಸ್ಟೇಪಲ್ ಸಾಲು ಸೋರಿ ಸೋಂಕಾದರೆ ಉಳಿದ ಯಕೃತ್ತು ತಾಳಿಕೊಳ್ಳುವುದು ಕಷ್ಟ.

ಆದ್ದರಿಂದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆ ಹಾಗೂ ನವನಗರದ ಕ್ಯಾನ್ಸರ್ ಆಸ್ಪತ್ರೆಯ ತಜ್ಞರು ಇಂಥ ರೋಗಿಗಳ ಬಗ್ಗೆ ಒಟ್ಟಿಗೆ ಕುಳಿತು ನಿರ್ಧರಿಸುವ ವ್ಯವಸ್ಥೆಯಾಗಲಿ. ಗದಗ, ಹಾವೇರಿಯ ಜಿಲ್ಲಾ ಆಸ್ಪತ್ರೆಗಳಲ್ಲಿ ಮಧುಮೇಹಿಗಳಿಗೆ ವಯಸ್ಸು, ರಕ್ತಪರೀಕ್ಷೆಯಲ್ಲಿ ಸಿಗುವ ಎಎಸ್‌ಟಿ, ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವಗಳ ಮಟ್ಟ, ಪ್ಲೇಟ್‌ಲೆಟ್ ಇಷ್ಟರಿಂದಲೇ ಸಿಗುವ, ಯಕೃತ್ತು ಎಷ್ಟು ಕಲೆಗಟ್ಟಿದೆ ಎಂದು ಅಂದಾಜಿಸುವ ‘ಫಿಬ್-4’ ಅಂಕವನ್ನು ಲೆಕ್ಕ ಹಾಕಿ, 1.3 ದಾಟಿದವರನ್ನು ಮುಂದಿನ ತಪಾಸಣೆಗೆ ಕಳುಹಿಸಲಿ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ